ಆಟ, ಸಾಲಿ, ಸಿನಿಮಾ: ಗೋಕಾಕ ಸೀಮೆಯಲ್ಲಿ ಯಾರು ಯಾರ ಪಾತ್ರ ಮಾಡಿದರು

ಘಟಪ್ರಭೆಯ ಎರಡೂ ದಂಡೆಯ ಊರುಗಳಲ್ಲಿ ರಂಗದ ಮೇಲೆ ಯಾರು ನಿಂತರು, ಯಾರ ಬದುಕು ಕಥೆಯಾಯಿತು ಎಂಬ ಎರಡು ಪ್ರಶ್ನೆಗಳಿಗೆ ಬಹಳ ಕಾಲ ಬೇರೆ ಬೇರೆ ಉತ್ತರಗಳಿದ್ದವು. ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಬಯಲಾಟದಲ್ಲಿ ಬಣ್ಣ ಹಚ್ಚಿದವರಲ್ಲಿ ಬಹುಪಾಲು ಒಕ್ಕಲುಮಕ್ಕಳು, ಕಸುಬುದಾರರು, ಊರು ಮರ್ಯಾದೆ ಕೊಡದ ಮನೆತನಗಳ ಹೆಣ್ಣುಮಕ್ಕಳು. ಅವರು ಆಡಿದ್ದು ಮಾತ್ರ ದೇವರ, ಅರಸರ, ರಾಣಿಯರ ಕಥೆ. ಇದೇ ಸೀಮೆಯ ಬರಹಗಾರರ ಕೃತಿಗಳು 1960ರ ನಂತರ ಸಿನಿಮಾ ಆಗತೊಡಗಿದಾಗ ಲೆಕ್ಕ ತಿರುವುಮುರುವಾಯಿತು. ಸನಾದಿ ಊದುವವನ, ಸೊಸೆಯ, ಆಳುಮಗಳ ಬಾಳು ಕಥೆಯಾಯಿತು. ಪಾತ್ರಕ್ಕೆ ಬಂದವರು ಊರಿನವರಲ್ಲ, ಬೆಳ್ಳಿತೆರೆಯ ತಾರೆಯರು. ಈ ತಿರುವಿನ ನಡುವೆ ನಿಂತದ್ದು ಸಾಲಿ ಮತ್ತು ಸಾಲಿಯ ಮಾಸ್ತರರು.

ಸೀಮೆಯ ಮೊದಲ ದೊಡ್ಡ ಹೆಸರು ಕುಲಗೋಡ ತಮ್ಮಣ್ಣ. ಕುಲಗೋಡ ಹಿಂದೆ ಗೋಕಾಕ ತಾಲ್ಲೂಕಿನಲ್ಲಿತ್ತು, ಈಗ ಮೂಡಲಗಿಗೆ ಸೇರಿದೆ. ಅವರ ಹೆಸರಿಗೆ ಅಂಟಿದ ಆಟ ಶ್ರೀಕೃಷ್ಣ ಪಾರಿಜಾತ. ಅದರ ಮೂಲ ರಚನೆ ರಾಯಚೂರು ಸೀಮೆಯ ಅಪರಾಳ ತಮ್ಮಣ್ಣನವರದು ಎಂಬುದು ಸಂಶೋಧಕರು ಸಾಮಾನ್ಯವಾಗಿ ಒಪ್ಪುವ ಮಾತು. ಅದಕ್ಕೆ ಹಾಡು ಕೂಡಿಸಿ, ಮಾತು ತುಂಬಿ, ಮೇಳ ಕಟ್ಟಿ, ಜನ ನಿದ್ದೆಗೆಟ್ಟು ನೋಡುವ ಆಟವಾಗಿಸಿದ ಕೀರ್ತಿ ಕುಲಗೋಡದವರದು. ಇಬ್ಬರಿಗೂ ಒಂದೇ ಹೆಸರಿದ್ದದ್ದರಿಂದ ಕರ್ತೃತ್ವದ ಗೊಂದಲ ಬಹಳ ದಿನ ನಡೆಯಿತು. ಸೀಮೆಯ ಜನ ಅದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ. ಅವರ ಪಾಲಿಗೆ ಪಾರಿಜಾತ ಕುಲಗೋಡದ್ದೇ.

ಕಥೆ ಸಣ್ಣದು. ನಾರದ ತಂದ ಪಾರಿಜಾತದ ಹೂವನ್ನು ಕೃಷ್ಣ ರುಕ್ಮಿಣಿಗೆ ಕೊಡುತ್ತಾನೆ, ಸುದ್ದಿ ತಿಳಿದ ಸತ್ಯಭಾಮೆ ಮುನಿಸಿಕೊಳ್ಳುತ್ತಾಳೆ, ಮುನಿಸು ಇಳಿಸಲು ಕೃಷ್ಣ ಪಡಬಾರದ ಪಾಡು ಪಡುತ್ತಾನೆ. ಇಷ್ಟನ್ನು ಹಿಡಿದು ಮೇಳ ಬೆಳಗಿನವರೆಗೆ ಆಟ ಎಳೆಯುತ್ತದೆ, ಏಕೆಂದರೆ ಹೂವಿನ ಕಥೆಯ ಒಳಗೆ ಮೂರು ನಾಲ್ಕು ಬಗೆಯ ಲೋಕಗಳು ಬಂದು ಹೋಗುತ್ತವೆ. ಮೊಸರು ಮಾರುವ ಗೊಲ್ಲತಿ ಬರುತ್ತಾಳೆ, ಕಣಿ ಹೇಳುವ ಕೊರವಂಜಿ ಬರುತ್ತಾಳೆ, ಒಡತಿಯ ಸಿಟ್ಟನ್ನು ಅತ್ತ ಒಯ್ದು ಇತ್ತ ತರುವ ದೂತಿ ಬರುತ್ತಾಳೆ. ಅರಮನೆಯವರು ಹಾಡಿನಲ್ಲಿ ಮಾತಾಡಿದರೆ ಇವರು ಊರ ಮಾತಿನಲ್ಲಿ ಮಾತಾಡುತ್ತಾರೆ. ಕೃಷ್ಣನೇ ಹೆಂಡತಿಯನ್ನು ಒಲಿಸಿಕೊಳ್ಳಲು ಕೊರವಂಜಿಯ ವೇಷ ಹಾಕುವ ಭಾಗದಲ್ಲಂತೂ ದೇವರು ಅಲೆಮಾರಿ ಹೆಣ್ಣಾಗಿ ರಾಣಿಯ ಕೈ ಹಿಡಿದು ಭವಿಷ್ಯ ಹೇಳುತ್ತಾನೆ. ಜಾತಿಯ ಕಟ್ಟು ಬಿಗಿಯಾಗಿದ್ದ ಊರುಗಳಲ್ಲಿ ಇದು ಸಣ್ಣ ಮಾತಲ್ಲ. ಬೆಳಗಾದ ಮೇಲೆ ಊರಿಗೆ ಬಂದ ನಿಜವಾದ ಕೊರವಂಜಿ ಅಂಗಳದಲ್ಲೇ ನಿಲ್ಲಬೇಕಿತ್ತು ಎಂಬುದೂ ಅಷ್ಟೇ ನಿಜ.

ಗುಡಿಯ ಮುಂದಿನ ಬಯಲಿನಲ್ಲಿ ಹಲಗೆ ಹಾಸಿದ ಅಟ್ಟ, ಮೇಲೊಂದು ಚಪ್ಪರ, ಹಿಂದೆ ಹಾರ್ಮೋನಿಯಂ, ತಬಲಾ, ತಾಳದ ಹಿಮ್ಮೇಳ: ಪಾರಿಜಾತಕ್ಕೆ ಬೇಕಾದದ್ದು ಇಷ್ಟೇ. ಪಂಜಿನ ಬೆಳಕು ಹೋಗಿ ಗ್ಯಾಸಬತ್ತಿ ಬಂತು, ಆಮೇಲೆ ವಿದ್ಯುತ್ ದೀಪ. ಗಣಪತಿ, ಸರಸ್ವತಿಯರ ಸ್ತುತಿ ಮುಗಿದ ಕೂಡಲೇ ಭಾಗವತ ಮುಂದೆ ಬರುತ್ತಾನೆ. ಕಥೆ ನಡೆಸುವವನೂ ಅವನೇ, ಪಾತ್ರಗಳನ್ನು ಕೆಣಕುವವನೂ ಅವನೇ. ಭಾಮೆಯ ಎದುರು ದೂತಿಯಾಗಿ ನಿಂತು ಮಾತಿಗೆ ಮಾತು ಕೊಡುವುದೂ ಉಂಟು. ಗೊಲ್ಲತಿ ಪ್ರವೇಶವಾದಾಗ ಅವಳ ಗಡಿಗೆಯ ಮೊಸರಿನ ಬೆಲೆ ಕೇಳುವ ನೆಪದಲ್ಲಿ ಊರಿನ ಸಾವುಕಾರನಿಂದ ಹಿಡಿದು ಕುಲಕರ್ಣಿಯವರೆಗೆ ಎಲ್ಲರ ಮೇಲೂ ಚಾಟಿ ಬೀಸಬಹುದು. ಪಾತ್ರಧಾರಿ ಹಾಡಿನ ಸಾಲು ಬಿಟ್ಟ ಕಡೆ ಹಿಮ್ಮೇಳದವರು ಸೊಲ್ಲು ಎತ್ತಿಕೊಳ್ಳುತ್ತಾರೆ. ಆ ಬಿಡುವಿನಲ್ಲಿ ಪಾತ್ರ ಕುಣಿಯುತ್ತದೆ, ಜನ ಬಕ್ಷೀಸು ಕೊಡುತ್ತಾರೆ, ಕೊಟ್ಟವರ ಹೆಸರನ್ನು ಭಾಗವತ ಕೂಗಿ ಹೇಳುತ್ತಾನೆ. ಹಾಡಿನ ಧಾಟಿಗಳಲ್ಲಿ ಹಿಂದೂಸ್ತಾನಿ ರಾಗಗಳ ನೆರಳು ದಟ್ಟವಾಗಿದೆ. ಕೊಲ್ಲಾಪುರ, ಮಿರಜ, ಸಾಂಗಲಿ ಅರಮನೆಗಳ ಗವಾಯಿಗಳ ಕಾಲದಲ್ಲಿ, ಅವುಗಳ ನೆರೆಯಲ್ಲೇ ಬೆಳೆದ ಆಟಕ್ಕೆ ಇದು ಸಹಜ.

ಪಾರಿಜಾತ ದೊಡ್ಡಾಟದಿಂದ ಬೇರೆಯಾಗಿ ನಿಂತದ್ದು ಹೆಣ್ಣಿನ ಪಾತ್ರವನ್ನು ಹೆಣ್ಣೇ ಮಾಡಿದ್ದರಿಂದ. ದೊಡ್ಡಾಟದಲ್ಲಿ ಹೆಣ್ಣುವೇಷ ಗಂಡಸರದು. ಸಣ್ಣಾಟ ಮತ್ತು ಪಾರಿಜಾತದಲ್ಲಿ ಹೆಂಗಸರು ಬಹಳ ಮೊದಲೇ ಅಟ್ಟ ಹತ್ತಿದರು, ಆ ಹೆಸರುಗಳಲ್ಲಿ ಮೊದಲಿನದು ಕೌಜಲಗಿ ನಿಂಗಮ್ಮ. ಕೌಜಲಗಿ ಕೂಡ ಗೋಕಾಕ ಸೀಮೆಯ ಊರೇ. ಕುಲಗೋಡ ತಮ್ಮಣ್ಣನವರ ಹೆಸರಿನ ಜೊತೆಗೆ ಜನ ಇಂದಿಗೂ ನಿಂಗಮ್ಮನವರ ಹೆಸರು ಜೋಡಿಸಿಯೇ ಹೇಳುತ್ತಾರೆ. ಅವರ ಸತ್ಯಭಾಮೆ ಒಂದು ಮಾದರಿಯಾಗಿ ಉಳಿಯಿತು. ಬಾಲಗಂಧರ್ವರಂಥ ಗಂಡಸರು ಸೀರೆಯುಟ್ಟು ಮರಾಠಿ ರಂಗಭೂಮಿಯನ್ನು ಆಳುವುದಕ್ಕೂ ಮೊದಲು ಹಳ್ಳಿಯ ಹೆಣ್ಣೊಬ್ಬಳು ಊರ ನಡುವೆ ನಿಂತು ಭಾಮೆಯ ಮುನಿಸನ್ನು ಹಾಡಿದ್ದಳು ಎಂಬ ಹೆಮ್ಮೆ ಈ ಭಾಗದವರಿಗಿದೆ.

ಆ ಹೆಮ್ಮೆಗೆ ಇನ್ನೊಂದು ಮುಖವೂ ಇದೆ. ಅಟ್ಟ ಹತ್ತಿದ ಹೆಂಗಸರಲ್ಲಿ ಹೆಚ್ಚಿನವರು ದೇವದಾಸಿ ಮನೆತನದವರು. ಸವದತ್ತಿ ಎಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡವಳಿಗೆ ಹಾಡು, ಕುಣಿತ ಕಲಿಯುವ ಅವಕಾಶವಿತ್ತು. ಗೃಹಸ್ಥರ ಮನೆಯ ಹೆಣ್ಣಿಗೆ ಇರಲಿಲ್ಲ. ಕಲೆಯ ಬಾಗಿಲು ತೆರೆದದ್ದೂ ಮರ್ಯಾದೆಯ ಬಾಗಿಲು ಮುಚ್ಚಿದ್ದೂ ಒಂದೇ ಪದ್ಧತಿ. ರಾತ್ರಿ ರಾಣಿಯಾಗಿ ಕುಳಿತವಳಿಗೆ ಹಗಲಿನಲ್ಲಿ ಊರು ಕೊಟ್ಟ ಹೆಸರು ಬೇರೆ. ಅವಳ ಸ್ವಂತ ಬದುಕು ಯಾವ ಆಟದಲ್ಲೂ ಕಥೆಯಾಗಲಿಲ್ಲ. ಮುಂಬಯಿ ಸರ್ಕಾರ 1934ರಲ್ಲಿ ದೇವದಾಸಿ ರಕ್ಷಣಾ ಕಾಯ್ದೆ ತಂದಿತು, ಕರ್ನಾಟಕ ಸರ್ಕಾರ 1982ರಲ್ಲಿ ಸಮರ್ಪಣೆ ನಿಷೇಧ ಕಾಯ್ದೆ ತಂದಿತು. ಪಾರಿಜಾತದ ಮೇಳಗಳಿಗೆ ಹೆಣ್ಣುಮಕ್ಕಳು ಬರುವ ದಾರಿಯೂ ಇದರಿಂದ ಬದಲಾಯಿತು.

ಗಂಡು ಪಾತ್ರಗಳಲ್ಲೂ ಜಾತಿ ಧರ್ಮಗಳ ಬೆರಕೆ ಇತ್ತು. ಲಿಂಗಾಯತ ರೈತ, ಕುರುಬ, ಬಡಿಗ, ನೇಕಾರ, ಮುಸಲ್ಮಾನ ಒಂದೇ ಮೇಳದಲ್ಲಿ ಇರುವುದು ಅಪರೂಪವಲ್ಲ. ಪಾರಿಜಾತದ ಕಲಾವಿದರಾಗಿ ಹೆಸರಾದ ಅಪ್ಪಾಲಾಲ ನದಾಫರಂಥವರು ಬಂದದ್ದು ಹತ್ತಿ ಹಿಂಜುವ ಕಸುಬಿನ ಸಮುದಾಯದಿಂದ. ಕೃಷ್ಣನ ಕಥೆಯನ್ನು ಮುಸಲ್ಮಾನ ಕಲಾವಿದರು ಕಲಿತು ಕಲಿಸಿದ್ದನ್ನು ಊರಿನವರು ವಿಶೇಷವೆಂದು ಎಣಿಸಲಿಲ್ಲ. ಧ್ವನಿ ಚೆನ್ನಾಗಿದ್ದರೆ, ತಾಳ ತಪ್ಪದಿದ್ದರೆ ಸಾಕಿತ್ತು. ದಲಿತರ ಮಟ್ಟಿಗೆ ಮಾತ್ರ ಈ ಔದಾರ್ಯ ಅಷ್ಟು ಸರಾಗವಾಗಿ ಹರಿಯಲಿಲ್ಲ. ಆಟದ ಸುದ್ದಿ ಸಾರುವ ಹಲಗೆ ಅವರದಾಗಿತ್ತು, ಅಟ್ಟದ ನಡುವಿನ ಜಾಗ ಅಲ್ಲ.

ಪುರಾಣ ಬಿಟ್ಟು ನೆರೆಮನೆಯ ಕಥೆಗೆ ಇಳಿದ ಮೊದಲ ದೊಡ್ಡ ಆಟ ಸಂಗ್ಯಾ ಬಾಳ್ಯಾ. 19ನೆಯ ಶತಮಾನದಲ್ಲಿ ಬೈಲಹೊಂಗಲ ಭಾಗದಲ್ಲಿ ನಡೆದ ಒಂದು ಕೊಲೆ ಇದರ ವಸ್ತು. ವ್ಯಾಪಾರಿ ಈರಣ್ಣನ ಹೆಂಡತಿ ಗಂಗಿಯ ಮೇಲೆ ಸಂಗ್ಯಾ ಮನಸ್ಸಿಡುತ್ತಾನೆ, ಗೆಳೆಯ ಬಾಳ್ಯಾ ಕೈಕೊಡುತ್ತಾನೆ, ಸಂಗ್ಯಾ ಸಾಯುತ್ತಾನೆ. ಇದನ್ನು ಕಟ್ಟಿದವರನ್ನು ಜನ ಪತ್ತಾರ ಮಾಸ್ತರ ಎಂದೇ ಗುರುತಿಸುತ್ತಾರೆ. ದೇವರಿಲ್ಲದ, ಅರಸನಿಲ್ಲದ ಕಥೆಯನ್ನು ಅಟ್ಟಕ್ಕೆ ತಂದವರು ಅಕ್ಷರ ಕಲಿಸುವ ಮಾಸ್ತರರು ಎಂಬುದು ಗಮನಿಸಬೇಕಾದ ಸಂಗತಿ. ಪೇಟೆಯ ಬಡ್ಡಿ ವ್ಯವಹಾರ, ಗೆಳೆತನ, ಹಾದರ, ಸೇಡು ಎಲ್ಲವೂ ಅದರಲ್ಲಿ ಹೆಸರು ಹಿಡಿದು ಬಂದವು. ಮುಂದೆ ಈ ದಾರಿ ಹಿಡಿದವರೂ ಮಾಸ್ತರರೇ.

20ನೆಯ ಶತಮಾನದ ಮೊದಲ ಭಾಗ ಕಂಪನಿ ನಾಟಕಗಳದು. ಅಟ್ಟದ ಜಾಗಕ್ಕೆ ಟೆಂಟು, ಪರದೆ, ಟಿಕೆಟ್ಟು ಬಂದವು. ಲಕ್ಷ್ಮೇಶ್ವರದ ಬಚ್ಚಾಸಾನಿಯಂಥವರು ಹೆಂಗಸರದೇ ಕಂಪನಿ ಕಟ್ಟಿದರು. ಸವದತ್ತಿ ತಾಲ್ಲೂಕಿನ ಏಣಗಿಯ ಬಾಳಪ್ಪನವರು ಎಳೆ ವಯಸ್ಸಿನಲ್ಲಿ ಹೆಣ್ಣುವೇಷ ಮಾಡಿ, ಮುಂದೆ ಕಲಾವೈಭವ ನಾಟ್ಯ ಸಂಘದ ಮಾಲೀಕರಾದರು. ಬೀಳಗಿಯ ಅಮೀರಬಾಯಿ ಮತ್ತು ಗೋಹರಬಾಯಿ ಸೋದರಿಯರು ಹೆಸರಿನ ಮುಂದೆ ಕರ್ನಾಟಕಿ ಎಂದು ಸೇರಿಸಿಕೊಂಡು ಮುಂಬಯಿಗೆ ಹೋದರು. ಅಮೀರಬಾಯಿ ಹಿಂದಿ ಸಿನಿಮಾದ ದೊಡ್ಡ ಗಾಯಕಿಯಾದರೆ, ಗೋಹರಬಾಯಿ ಬಾಲಗಂಧರ್ವರ ಜೊತೆ ರಂಗದ ಮೇಲೆ ನಿಂತರು. 1934ರಲ್ಲಿ ಬಂದ ಕನ್ನಡದ ಮೊದಲ ವಾಕ್‌ಚಿತ್ರ ಸತಿ ಸುಲೋಚನ ಚಿತ್ರೀಕರಣಗೊಂಡದ್ದು ಹುಕ್ಕೇರಿ ತಾಲ್ಲೂಕಿನ ಸಂಕೇಶ್ವರದಾಚೆ, ಹೆದ್ದಾರಿಯಲ್ಲಿ ಕೆಲವು ಗಂಟೆಯ ದಾರಿಯೂ ಇಲ್ಲದ ಕೊಲ್ಲಾಪುರದ ಛತ್ರಪತಿ ಸ್ಟುಡಿಯೋದಲ್ಲಿ. ಆದರೂ ಆ ಚಿತ್ರದ ನಟವರ್ಗ ಬಂದದ್ದು ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾಯರಂಥ ಮೈಸೂರು ಕಡೆಯ ರಂಗಭೂಮಿಯವರಿಂದ. ಕ್ಯಾಮೆರಾ ಇಷ್ಟು ಹತ್ತಿರ ಬಂದರೂ ಗೋಕಾಕದ ಪಾರಿಜಾತದ ಕಡೆಗೆ ತಿರುಗಲಿಲ್ಲ.

ಸಾಲಿಯ ಕಥೆ ಇನ್ನೂ ಬಿಗುವಿನದು. ಬೆಳಗಾವಿ ಜಿಲ್ಲೆ ಮುಂಬಯಿ ಪ್ರಾಂತದಲ್ಲಿದ್ದಾಗ ಸರ್ಕಾರಿ ಶಾಲೆಗಳಲ್ಲಿ ಮರಾಠಿಯ ಕಾರುಬಾರು. 19ನೆಯ ಶತಮಾನದ ಎರಡನೆಯ ಅರ್ಧದಲ್ಲಿ ಶಿಕ್ಷಣ ಇಲಾಖೆಯ ಡೆಪ್ಯೂಟಿ ಚನ್ನಬಸಪ್ಪನವರು, ರಸೆಲ್ ಸಾಹೇಬರಂಥವರು ಪಟ್ಟು ಹಿಡಿದ ಮೇಲೆ ಕನ್ನಡ ಶಾಲೆಗಳು ಬೇರೂರಿದವು. ಭಾಷೆ ಗೆದ್ದರೂ ಜಾತಿ ಸೋಲಲಿಲ್ಲ. 1856ರಲ್ಲಿ ಧಾರವಾಡದ ಸರ್ಕಾರಿ ಶಾಲೆಗೆ ಸೇರಬಯಸಿದ ಮಹಾರ್ ಹುಡುಗನೊಬ್ಬನಿಗೆ ಪ್ರವೇಶ ಸಿಗಲಿಲ್ಲ. ಅವನ ಅರ್ಜಿ ನೋಡಿದ ಮುಂಬಯಿ ಸರ್ಕಾರ ನ್ಯಾಯ ಅವನ ಕಡೆಗಿದೆ ಎಂದು ಒಪ್ಪಿಕೊಂಡೂ ಉಳಿದವರ ವಿರೋಧ ಕಟ್ಟಿಕೊಳ್ಳಲು ಹಿಂಜರಿಯಿತು. ಹೀಗಾಗಿ ಈ ಸೀಮೆಯ ಬಹುಜನರು ಭಾರತ, ಭಾಗವತಗಳನ್ನು ಮೊದಲು ತಿಳಿದದ್ದು ಪುಸ್ತಕದಿಂದಲ್ಲ, ಆಟದಿಂದ. ಸಾಲಿಯ ಬೆಂಚಿಗೆ ಬರಲಾಗದವರು ಆಟದ ಬಯಲಿನಲ್ಲಿ ಕುಳಿತು ಕಲಿತರು.

20ನೆಯ ಶತಮಾನದ ನಡುವೆ ಗೋಕಾಕದ ಮುನ್ಸಿಪಲ್ ಹೈಸ್ಕೂಲಿನಲ್ಲಿ ಕೃಷ್ಣಮೂರ್ತಿ ಪುರಾಣಿಕರು ಮಾಸ್ತರರಾಗಿದ್ದರು. ಅವರು 1911ರಲ್ಲಿ ಬೀಳಗಿಯಲ್ಲಿ ಹುಟ್ಟಿದವರು, ಕರ್ನಾಟಕಿ ಸೋದರಿಯರ ಊರಿನವರೇ. ಪಾಠ ಮಾಡುತ್ತಲೇ ಕಾದಂಬರಿಯ ಮೇಲೆ ಕಾದಂಬರಿ ಬರೆದರು. ವಿಮರ್ಶಕರು ಅವರ ಕಡೆ ಹೆಚ್ಚು ನೋಡಲಿಲ್ಲ, ಓದುಗರು ಕೈಬಿಡಲಿಲ್ಲ. ಅವರ ಲೋಕ ಮನೆ, ಅತ್ತೆ-ಸೊಸೆ, ದಾಯಾದಿ, ತ್ಯಾಗ. ಕೂಡು ಕುಟುಂಬ ಒಡೆಯುತ್ತಿದ್ದ ಕಾಲದಲ್ಲಿ ಅದನ್ನು ಹಿಡಿದು ನಿಲ್ಲಿಸುವ ಹೆಣ್ಣು ಅವರ ನಾಯಕಿ. ಧರ್ಮದೇವತೆ ಕಾದಂಬರಿ 1962ರಲ್ಲಿ ಕರುಣೆಯೇ ಕುಟುಂಬದ ಕಣ್ಣು ಆಗಿ ತೆರೆಗೆ ಬಂತು, ಮರುವರ್ಷ ಕುಲವಧು ಬಂತು. ಎರಡನ್ನೂ ನಿರ್ದೇಶಿಸಿದವರು ಟಿ.ವಿ. ಸಿಂಗ್ ಠಾಕೂರ್, ಎರಡರಲ್ಲೂ ರಾಜಕುಮಾರ್ ಮತ್ತು ಲೀಲಾವತಿ. ಪೌರಾಣಿಕ ಚಿತ್ರಗಳ ಭರದಲ್ಲಿದ್ದ ಕನ್ನಡ ಸಿನಿಮಾ ಕಾದಂಬರಿಯ ಕಡೆ ಹೊರಳಿದಾಗ ಮೊದಲಿಗೆ ಸಿಕ್ಕದ್ದು ಗೋಕಾಕದ ಮಾಸ್ತರರ ಪುಸ್ತಕ. ಕುಲವಧುವಿಗೆ ಬೇಂದ್ರೆಯವರ ಯುಗಾದಿ ಕವಿತೆಯನ್ನು ಹಾಡಾಗಿ ಬಳಸಿದ್ದರಿಂದ ಧಾರವಾಡದ ದನಿಯೂ ಚಿತ್ರಮಂದಿರ ಸೇರಿತು. ಈ ಚಿತ್ರಗಳ ಹೆಣ್ಣು ಗಟ್ಟಿ, ಆದರೆ ಅವಳ ಗಟ್ಟಿತನವೆಲ್ಲ ಸಹಿಸುವುದರಲ್ಲಿ. ಭಾಗವತನ ಎದುರು ಕೈ ಸೊಂಟದ ಮೇಲಿಟ್ಟು ಮಾತಾಡುವ ಗೊಲ್ಲತಿಯ ಮುಂದೆ ಕುಲವಧು ಬಹಳ ಮೆತ್ತಗಿನವಳು.

ಪುರಾಣಿಕರ ಕೃತಿಗಳಲ್ಲಿ ಬೇರೆಯಾಗಿ ನಿಲ್ಲುವುದು ಸನಾದಿ ಅಪ್ಪಣ್ಣ. ಸನಾದಿ ಎಂದರೆ ಗಿಡ್ಡ ಮರದ ಕೊಳವೆ, ತುದಿಗೆ ಓಲೆಯ ಜೋಡು ಪೀಪಿ, ಬಾಯಿಗೆ ಅಗಲವಾದ ಕಂಚಿನ ಹೂವು. ಜೊತೆಗೆ ಶ್ರುತಿ ಹಿಡಿಯುವವನೊಬ್ಬ, ಸಂಬಾಳ ಅಥವಾ ಕರಡಿ ಬಾರಿಸುವವನೊಬ್ಬ. ಸನಾದಿ ಇಲ್ಲದೆ ಈ ಸೀಮೆಯಲ್ಲಿ ಮದುವೆಯ ದಿಬ್ಬಣ ಹೊರಡುತ್ತಿರಲಿಲ್ಲ, ದೇವರ ಪಲ್ಲಕ್ಕಿ ಏಳುತ್ತಿರಲಿಲ್ಲ. ಊದುವವರು ಸಾಮಾನ್ಯವಾಗಿ ಕೊರಮ, ಭಜಂತ್ರಿ ಸಮುದಾಯದವರು. ಮುಹೂರ್ತಕ್ಕೆ ಬೇಕೇ ಬೇಕಾದವರು, ಪಂಗ್ತಿಯಲ್ಲಿ ಕೂಡುವಂತಿಲ್ಲ. ಚಪ್ಪರದ ಅಂಚಿನಲ್ಲಿ ಕುಳಿತು ಊದಿ, ಎಲ್ಲರ ಊಟವಾದ ಮೇಲೆ ಬುತ್ತಿ ಕಟ್ಟಿಕೊಂಡು ಹೋಗಬೇಕು. ಅಂಥವನೊಬ್ಬನನ್ನು ಹೆಸರಿಟ್ಟು ಕಾದಂಬರಿಯ ನಾಯಕನನ್ನಾಗಿ ಮಾಡಿದ್ದು ಅಂದಿನ ದಿನಕ್ಕೆ ಹೊಸದು.

1977ರಲ್ಲಿ ವಿಜಯ್ ನಿರ್ದೇಶನದಲ್ಲಿ ಅದು ಚಿತ್ರವಾಯಿತು. ಅಪ್ಪಣ್ಣನಾಗಿ ರಾಜಕುಮಾರ್, ಜೊತೆಗೆ ಜಯಪ್ರದಾ, ಸಂಗೀತ ಜಿ.ಕೆ. ವೆಂಕಟೇಶ್. ಸನಾದಿಯ ದನಿಗೆ ಶಹನಾಯಿ ನುಡಿಸಲು ಬನಾರಸದ ಉಸ್ತಾದ್ ಬಿಸ್ಮಿಲ್ಲಾ ಖಾನರೇ ಬಂದರು. ರಾಜಕುಮಾರ್ ವಾದ್ಯ ಹಿಡಿಯುವ, ಗಲ್ಲದಲ್ಲಿ ಉಸಿರು ತುಂಬುವ, ಬೆರಳು ಆಡಿಸುವ ಬಗೆಯನ್ನು ಕಲಿತು ಅಭಿನಯಿಸಿದ್ದು ಇಂದಿಗೂ ಜನರ ಬಾಯಲ್ಲಿದೆ. ಅಪ್ಪನ ಕಸುಬಿನ ದುಡ್ಡಿನಲ್ಲಿ ಓದಿ ದೊಡ್ಡವನಾದ ಮಗನಿಗೆ ಆ ಕಸುಬೇ ನಾಚಿಕೆಯಾಗುವುದು ಕಥೆಯ ನೋವಿನ ಎಳೆ. ಸಾಲಿ ಕಲಿತ ಮಗ ಸನಾದಿಯಿಂದ ದೂರ ಓಡುತ್ತಾನೆ ಎಂಬುದನ್ನು ಬರೆದವರು ಸ್ವತಃ ಸಾಲಿಯ ಮಾಸ್ತರರು. ತಮ್ಮ ತರಗತಿಗೆ ಬರುತ್ತಿದ್ದ ಕಸುಬುದಾರರ ಮಕ್ಕಳ ಮುಖ ಅವರಿಗೆ ಪರಿಚಿತವಾಗಿಯೇ ಇದ್ದಿರಬೇಕು. ಚಿತ್ರದ ಮಿತಿಯೂ ಕಣ್ಣಿಗೆ ಕಾಣುತ್ತದೆ. ಅಪ್ಪಣ್ಣನ ನೋವು ಕಲಾವಿದನ ನೋವಾಗಿ ಅರಳುತ್ತದೆ, ಜಾತಿಯ ಗಾಯ ಹಿಂದೆ ಸರಿಯುತ್ತದೆ. ಶಹನಾಯಿಗೆ ಕಾಶಿಯ ಗೌರವ ದಕ್ಕಿತು. ಕರಡಿಮಜಲಿನ ಜೊತೆ ಊದುವ ಊರ ಸನಾದಿಯ ಒರಟು, ಎದೆ ಸೀಳುವ ದನಿ ಚಿತ್ರದಲ್ಲಿ ಉಳಿಯಲಿಲ್ಲ. ಇಷ್ಟಾದರೂ ಸನಾದಿಯವನ ಬಾಳನ್ನು ನಾಡಿನ ಅತಿ ದೊಡ್ಡ ನಟ ತನ್ನ ಮೈಮೇಲೆ ತಂದುಕೊಂಡದ್ದರಿಂದ ಆ ಕಸುಬಿನವರಿಗೆ ಸಿಕ್ಕ ಹೆಮ್ಮೆ ಕಡಿಮೆಯದಲ್ಲ.

ಪುರಾಣಿಕರ ವಿದ್ಯಾರ್ಥಿಗಳಲ್ಲಿ ಒಬ್ಬರು ಚಂದ್ರಶೇಖರ ಕಂಬಾರ. 1937ರಲ್ಲಿ ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯಲ್ಲಿ, ಕಂಬಾರ ಮನೆತನದಲ್ಲಿ ಹುಟ್ಟಿದ ಅವರು ಹೈಸ್ಕೂಲಿಗೆ ಗೋಕಾಕಕ್ಕೆ ಬಂದರು. ಬಡತನದಿಂದ ಓದು ನಿಲ್ಲುವ ಹೊತ್ತಿಗೆ ಕೈಹಿಡಿದವರು ಸಾವಳಗಿ ಮಠದ ಸಿದ್ಧರಾಮ ಸ್ವಾಮಿಗಳು. ಹಿಂದೂ ಮುಸಲ್ಮಾನರಿಬ್ಬರೂ ನಡೆದುಕೊಳ್ಳುವ ಸಾವಳಗಿ ಮಠದ ಆಸರೆ, ಬರೆಯುವ ಮಾಸ್ತರರ ತರಗತಿ, ಊರ ಆಟಗಳ ರಾತ್ರಿ, ಮೂರೂ ಒಬ್ಬನೇ ಹುಡುಗನಿಗೆ ಸಿಕ್ಕವು. ಮುಂದೆ ಅವರು ಸಂಗ್ಯಾ ಬಾಳ್ಯಾ ಆಟವನ್ನು ಸಂಪಾದಿಸಿದರು, ಉತ್ತರ ಕರ್ನಾಟಕದ ಜನಪದ ರಂಗಭೂಮಿಯ ಮೇಲೆ ಪಿಎಚ್.ಡಿ. ಮಾಡಿದರು, 1972ರ ಜೋಕುಮಾರಸ್ವಾಮಿ ನಾಟಕದಲ್ಲಿ ಬಯಲಾಟದ ಭಾಗವತನನ್ನು ಹೊಸ ರಂಗಭೂಮಿಗೆ ಕರೆತಂದರು. ಪಡವಲಕಾಯಿಯ ಪಲ್ಯ ಉಣ್ಣಿಸುವ ನಂಬಿಕೆಯೊಂದನ್ನು ಹಿಡಿದು, ಉಳುವವನಿಗೆ ಭೂಮಿ ಎಂಬ ಮಾತಿಗೆ ಮುಟ್ಟುವ ನಾಟಕ ಅದು. ಗೌಡನ ಎದುರು ನಿಂತ ಬಸಣ್ಣ ಅಲ್ಲಿ ನಾಯಕ.

ಕಂಬಾರರು ಸಿನಿಮಾ ನಿರ್ದೇಶನಕ್ಕೂ ಇಳಿದರು. 1979ರ ಕಾಡು ಕುದುರೆ, 1981ರ ಸಂಗೀತ ಅವರ ಹೆಸರಾಂತ ಚಿತ್ರಗಳು. ಕಾಡು ಕುದುರೆಯ ಶೀರ್ಷಿಕೆ ಗೀತೆ ಹಾಡಿದ ಶಿವಮೊಗ್ಗ ಸುಬ್ಬಣ್ಣನವರಿಗೆ ರಾಷ್ಟ್ರಪ್ರಶಸ್ತಿ ಬಂತು. ಅದುವರೆಗೆ ಉತ್ತರ ಕರ್ನಾಟಕದ ಮಾತು ತೆರೆಯ ಮೇಲೆ ಬಂದರೆ ನಗಿಸುವವನ ಬಾಯಲ್ಲಿ, ಇಲ್ಲವೇ ಆಳಿನ ಬಾಯಲ್ಲಿ ಬರುತ್ತಿದ್ದುದೇ ಹೆಚ್ಚು; ನಾಯಕ ನಾಯಕಿಯರು ಮೈಸೂರು ಸೀಮೆಯ ಶಿಷ್ಟ ಕನ್ನಡ ಮಾತಾಡುತ್ತಿದ್ದರು. ಕಂಬಾರರ ಲೋಕದಲ್ಲಿ ಪ್ರೀತಿಯೂ ಸಿಟ್ಟೂ ಸಾವೂ ಘೋಡಗೇರಿಯ ಮಾತಿನಲ್ಲೇ ನಡೆಯುತ್ತವೆ. ಹಳ್ಳಿ ಸಾಲಿಯ ಮಾಸ್ತರನನ್ನೇ ನಡುವೆ ನಿಲ್ಲಿಸಿ ಅವರು ಬರೆದ ಕಿರುಕಾದಂಬರಿ ಜಿ.ಕೆ. ಮಾಸ್ತರ ಪ್ರಣಯ ಪ್ರಸಂಗ ಕಿರುತೆರೆಗೂ ಬಂತು. ಪತ್ತಾರ ಮಾಸ್ತರರಿಂದ ಪುರಾಣಿಕ ಮಾಸ್ತರರವರೆಗೆ ಊರಿನವರ ಕಥೆ ಬರೆದ ಮಾಸ್ತರರು ಕೊನೆಗೆ ತಾವೇ ಕಥೆಯಾದರು.

ಕಂಬಾರರ ಸಿಂಗಾರೆವ್ವ ಮತ್ತು ಅರಮನೆ ಕಾದಂಬರಿಯನ್ನು ಟಿ.ಎಸ್. ನಾಗಾಭರಣ ಸಿಂಗಾರೆವ್ವ ಹೆಸರಿನಲ್ಲಿ ಚಿತ್ರ ಮಾಡಿದರು. ಅತ್ಯುತ್ತಮ ಕನ್ನಡ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಅದಕ್ಕೆ ಸಂದಿತು. ಕುಸಿಯುತ್ತಿರುವ ದೇಸಗತಿಯ ವಾಡೆ, ಅಲ್ಲಿಗೆ ಸೊಸೆಯಾಗಿ ಬಂದ ಗೌಡನ ಮಗಳು, ಅವಳ ಜೊತೆಗಿರುವ ಆಳುಮಗಳು ಈ ಕಥೆಯಲ್ಲಿದ್ದಾರೆ. ಪಾರಿಜಾತದಲ್ಲಿ ಒಡತಿಯ ಸುದ್ದಿ ಹೊತ್ತು ಓಡಾಡುತ್ತಿದ್ದ ದೂತಿಯ ಬಳಗದವಳು ಇವಳು. ವಾಡೆಯ ಒಳಗಿನ ಸತ್ಯವೆಲ್ಲ ಗೊತ್ತಿರುವುದು ಇಂಥವಳಿಗೇ.

ಈಗ ಸೀಮೆಯೂ ಬದಲಾಗಿದೆ. ಮೂಡಲಗಿ 2018ರಲ್ಲಿ ಗೋಕಾಕದಿಂದ ಬೇರೆಯಾಗಿ ತಾಲ್ಲೂಕಾಯಿತು, ಕುಲಗೋಡ ಅದರ ಪಾಲಿಗೆ ಬಂತು. ಬಯಲಾಟಕ್ಕೆ ಪ್ರತ್ಯೇಕ ಅಕಾಡೆಮಿ ಬಾಗಲಕೋಟೆಯಲ್ಲಿದೆ. ಅದು ಪಾರಿಜಾತದ ಹಿರಿಯ ಕಲಾವಿದೆಯರನ್ನೂ ಹೆಸರು ಹಿಡಿದು ಕರೆದು ಸನ್ಮಾನಿಸುತ್ತದೆ. ಸರ್ಕಾರದಿಂದ ಬಡ ಕಲಾವಿದರಿಗೆ ಮಾಸಾಶನ ಸಿಗುತ್ತದೆ. ಜಾತ್ರೆಗಳಲ್ಲಿ ಆಟ ಇನ್ನೂ ನಡೆಯುತ್ತದೆ, ಬೆಳಗಿನವರೆಗೆ ಎಳೆಯುವುದು ಕಡಿಮೆಯಾಗಿದೆ. ಮದುವೆಗಳಲ್ಲಿ ಸನಾದಿಯ ಜಾಗವನ್ನು ಬ್ಯಾಂಡ್ ಕಂಪನಿಗಳು, ಡಿಜೆಗಳು ಹಿಡಿದಿವೆ. ಸನಾದಿಯವನ ಬಾಳು ತೆರೆಗೆ ಬಂತು, ಆಳುಮಗಳ ಬಾಳೂ ಬಂತು. ಕೌಜಲಗಿ ನಿಂಗಮ್ಮನಂಥ ಪ್ರತಿಭೆಯ ಬಾಳು, ಅಟ್ಟದ ಮೇಲೂ ಕೆಳಗೂ ಅವಳು ಕಂಡದ್ದು, ಅಷ್ಟೇ ದೊಡ್ಡ ವಸ್ತುವಾಗಿ ಬರೆಯುವವರಿಗೂ ಚಿತ್ರ ಮಾಡುವವರಿಗೂ ಎದುರಿಗಿದೆ.